ಗೋರಿಯಿಲ್ಲದ ಆಟಗಾರನ ಊರುಗಳಲ್ಲಿ

ಅಗಲಿದವರ ನೆನಪು ಕಾಡಿದಾಗ ನಾವು ಅವರ ಗೋರಿಯ ಬಳಿ ಹೋಗುತ್ತೇವೆ. ಸ್ವಲ್ಪ ಹೊತ್ತು ಮೌನವಾಗಿ ನಿಂತು, ಮನಸ್ಸು ಹಗುರವಾದ ಮೇಲೆ ಮರಳುತ್ತೇವೆ. ಆದರೆ ಗೋರಿಯೇ ಇಲ್ಲದವನನ್ನು ಎಲ್ಲಿ ಹೋಗಿ ನೆನೆಯುವುದು? ಆತ ಹುಟ್ಟಿದ, ಆಡಿದ, ನೊಂದ, ಕೊನೆಗೆ ಬಿದ್ದ ಊರುಗಳಲ್ಲೇ ಹುಡುಕಬೇಕು.

ವಾಲ್ಟರ್ ಟಲ್ ಅಂತಹ ಒಬ್ಬ ಮನುಷ್ಯ. ಇಂಗ್ಲೆಂಡಿನ ಫುಟ್‌ಬಾಲಿನ ಅತಿ ಮೇಲಿನ ದರ್ಜೆಯಲ್ಲಿ ಆಡಿದ ಮೊದಲ ಕೆಲವೇ ಕಪ್ಪು ವರ್ಣೀಯರಲ್ಲಿ ಒಬ್ಬ. ಮೊದಲ ಮಹಾಯುದ್ಧದಲ್ಲಿ ಬಿಳಿಯ ಸೈನಿಕರನ್ನು ಮುನ್ನಡೆಸಿದ ಅಧಿಕಾರಿ. ಮೂವತ್ತನೇ ಹುಟ್ಟುಹಬ್ಬಕ್ಕೆ ಇನ್ನೊಂದು ತಿಂಗಳಷ್ಟೇ ಉಳಿದಿದ್ದಾಗ ಫ್ರಾನ್ಸಿನ ಹೊಲವೊಂದರಲ್ಲಿ ಗುಂಡಿಗೆ ಬಲಿಯಾದ. ಅವನ ದೇಹ ಮತ್ತೆ ಸಿಗಲೇ ಇಲ್ಲ.

ಬನ್ನಿ, ಈ ತಿಂಗಳು ನಾವು ಅವನ ಊರುಗಳಿಗೆ ಹೋಗಿ ಬರೋಣ. ದಾರಿಯಲ್ಲಿ ನೋಡಲು ದೊಡ್ಡ ಅರಮನೆಗಳಿಲ್ಲ, ಜಲಪಾತಗಳಿಲ್ಲ. ಆದರೆ ಪ್ರತಿ ಊರಿನಲ್ಲೂ ಒಂದು ಪ್ರಶ್ನೆ ಕೇಳುತ್ತಾ ಹೋಗೋಣ: ಇಲ್ಲಿ ಅವನ ಜೊತೆಗೆ ನಿಂತವರು ಯಾರು?

ಕಡಲ ತೀರದ ಮನೆ

ಮೊದಲು ಫೋಕ್‌ಸ್ಟನ್. ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ನಿಲ್ದಾಣದಿಂದ ವೇಗದ ರೈಲು ಹತ್ತಿದರೆ ಸುಮಾರು ಒಂದು ಗಂಟೆಯಲ್ಲಿ ತಲುಪಬಹುದು. ಇಂಗ್ಲೆಂಡಿನ ಆಗ್ನೇಯ ಮೂಲೆಯ ಕಡಲೂರು ಇದು. ಆಕಾಶ ಶುಭ್ರವಾಗಿದ್ದರೆ ಎದುರು ದಿಕ್ಕಿನಲ್ಲಿ ಫ್ರಾನ್ಸಿನ ತೀರ ಒಂದು ಗೆರೆಯಂತೆ ಕಾಣುತ್ತದೆ.

ಬಾರ್ಬಡೋಸ್ ದ್ವೀಪದ ಡೇನಿಯಲ್ ಟಲ್ ಎಂಬ ಬಡಗಿ 1876ರಲ್ಲಿ ಈ ಊರಿಗೆ ಬಂದಿಳಿದ. ಕಬ್ಬಿನ ತೋಟಗಳಲ್ಲಿ ಗುಲಾಮರಾಗಿ ದುಡಿದ ಜನರ ಮಗ ಆತ. ಇಲ್ಲಿ ಕೆಲಸ ಹಿಡಿದ, ಆಲಿಸ್ ಪಾಮರ್ ಎಂಬ ಕೆಂಟ್ ಪ್ರಾಂತ್ಯದ ಹುಡುಗಿಯನ್ನು ಮದುವೆಯಾದ. 1888ರ ಏಪ್ರಿಲ್ 28ರಂದು ಅವರಿಗೆ ವಾಲ್ಟರ್ ಹುಟ್ಟಿದ. ತಂದೆ ಕಪ್ಪು, ತಾಯಿ ಬಿಳಿ. ಒಂದೇ ಮನೆ, ಒಂದೇ ಒಲೆ.

ವಾಲ್ಟರ್‌ಗೆ ಏಳು ವರ್ಷವಾದಾಗ, 1895ರಲ್ಲಿ, ತಾಯಿ ಕ್ಯಾನ್ಸರ್‌ನಿಂದ ತೀರಿಕೊಂಡಳು. ಚಿಕ್ಕ ಮಕ್ಕಳನ್ನು ನೋಡಿಕೊಳ್ಳಲು ಆಲಿಸಳ ಸಂಬಂಧಿಯೇ ಆದ ಕ್ಲಾರಾಳನ್ನು ಡೇನಿಯಲ್ ಮರುವರ್ಷ ಮದುವೆಯಾದ. ಒಂದು ಹೆಣ್ಣು ಮಗುವೂ ಆಯಿತು. ಮನೆ ಮತ್ತೆ ನೆಲೆಗೆ ಬಂತು ಎನ್ನುವಷ್ಟರಲ್ಲಿ, 1897ರ ಡಿಸೆಂಬರ್‌ನಲ್ಲಿ, ಡೇನಿಯಲ್ ಕೂಡ ತೀರಿಕೊಂಡ.

ಕ್ಲಾರಾಳ ಸ್ಥಿತಿಯನ್ನು ಒಮ್ಮೆ ಊಹಿಸಿ. ಮದುವೆಯಾಗಿ ಎರಡು ವರ್ಷವೂ ತುಂಬಿಲ್ಲ. ಮಡಿಲಲ್ಲಿ ತನ್ನದೇ ಕೂಸು, ಸುತ್ತಲೂ ಸವತಿಯ ಮಕ್ಕಳು, ದುಡಿದು ಹಾಕುವ ಕೈ ಇಲ್ಲ. ಎಲ್ಲರನ್ನೂ ಸಾಕುವುದು ಆಕೆಯಿಂದಾಗಲಿಲ್ಲ. ಕುಟುಂಬ ಹೋಗುತ್ತಿದ್ದ ಮೆಥಡಿಸ್ಟ್ ಚರ್ಚಿನವರು ದಾರಿ ತೋರಿಸಿದರು. ಎಡ್ವರ್ಡ್ ಮತ್ತು ವಾಲ್ಟರ್ ಎಂಬ ಇಬ್ಬರು ಹುಡುಗರು ಲಂಡನ್ನಿನ ಅನಾಥಾಲಯಕ್ಕೆ ಹೊರಟರು. ಮಲತಾಯಿಯೆಂದರೆ ಕೆಟ್ಟವಳೆಂದು ನಮ್ಮ ಕತೆಗಳು ಸುಲಭವಾಗಿ ಹೇಳಿಬಿಡುತ್ತವೆ. ಇಲ್ಲಿ ಕೆಟ್ಟದ್ದು ಬಡತನವೊಂದೇ ಆಗಿತ್ತು.

ಬೇರೆಯಾದ ಅಣ್ಣ ತಮ್ಮ

ಇನ್ನು ಪೂರ್ವ ಲಂಡನ್ನಿನ ಬೆತ್ನಲ್ ಗ್ರೀನ್‌ಗೆ ಬನ್ನಿ. ಆ ಕಾಲಕ್ಕೆ ಬಡವರು ಕಿಕ್ಕಿರಿದು ತುಂಬಿದ್ದ ಪ್ರದೇಶ ಇದು. ಇಲ್ಲಿನ ಬಾನರ್ ರೋಡಿನಲ್ಲಿ ಮೆಥಡಿಸ್ಟರು ನಡೆಸುತ್ತಿದ್ದ ಮಕ್ಕಳ ಆಶ್ರಮವಿತ್ತು. 1898ರ ಫೆಬ್ರವರಿಯಲ್ಲಿ ಟಲ್ ಸಹೋದರರು ಅದರ ಬಾಗಿಲು ದಾಟಿದರು. ವಾಲ್ಟರ್‌ಗೆ ಆಗ ಒಂಬತ್ತು ವರ್ಷ, ಎಡ್ವರ್ಡ್‌ಗೆ ಅವನಿಗಿಂತ ಎರಡು ವರ್ಷ ಹೆಚ್ಚು.

ಎಡ್ವರ್ಡ್‌ಗೆ ಒಳ್ಳೆಯ ಕಂಠವಿತ್ತು. ಆಶ್ರಮದ ಹಾಡುಗಾರ ಮಕ್ಕಳ ತಂಡ ಊರೂರು ತಿರುಗಿ ಸಹಾಯಧನ ಕೂಡಿಸುತ್ತಿತ್ತು. ಹಾಗೆ ಸ್ಕಾಟ್ಲೆಂಡಿಗೆ ಹೋದಾಗ ಗ್ಲಾಸ್ಗೋದ ವಾರ್ನಾಕ್ ಎಂಬ ಕುಟುಂಬ ಅವನನ್ನು ಮೆಚ್ಚಿಕೊಂಡಿತು. 1900ರಲ್ಲಿ ಅವನನ್ನು ದತ್ತು ತೆಗೆದುಕೊಂಡಿತು. ಮುಂದೆ ಎಡ್ವರ್ಡ್ ದಂತವೈದ್ಯನಾದ. ಬ್ರಿಟನ್ನಿನಲ್ಲಿ ಆ ವೃತ್ತಿ ಮಾಡಿದ ಮೊದಲ ಕಪ್ಪು ವರ್ಣೀಯನೆಂದು ಅವನನ್ನು ಗುರುತಿಸಲಾಗುತ್ತದೆ.

ಅಣ್ಣನಿಗೆ ಮನೆ ಸಿಕ್ಕಿತು, ತಮ್ಮ ಆಶ್ರಮದಲ್ಲೇ ಉಳಿದ. ಹನ್ನೆರಡರ ಪ್ರಾಯದಲ್ಲಿ ತಾಯಿ, ತಂದೆ, ಊರು, ಕೊನೆಗೆ ಒಡಹುಟ್ಟಿದವನೂ ದೂರ. ಇಂತಹ ಹುಡುಗ ಒರಟನಾಗಿ, ಸಿಡುಕನಾಗಿ ಬೆಳೆದಿದ್ದರೆ ಯಾರೂ ಅಚ್ಚರಿ ಪಡುತ್ತಿರಲಿಲ್ಲ. ವಾಲ್ಟರ್ ಮುದ್ರಣದ ಕೆಲಸ ಕಲಿತ, ಆಶ್ರಮದ ತಂಡದಲ್ಲಿ ಚೆಂಡು ಒದ್ದ. ಅಣ್ಣ ತಮ್ಮಂದಿರ ನಂಟು ಮಾತ್ರ ಕಡಿಯಲಿಲ್ಲ. ಲಂಡನ್ ಮತ್ತು ಗ್ಲಾಸ್ಗೋ ನಡುವಿನ ಅಷ್ಟು ದೂರವೂ ಅವರನ್ನು ಪರಕೀಯರನ್ನಾಗಿ ಮಾಡಲಿಲ್ಲ. ಬೆತ್ನಲ್ ಗ್ರೀನ್‌ನಲ್ಲಿ ನಮ್ಮ ಪ್ರಶ್ನೆಗೆ ಸಿಗುವ ಉತ್ತರ ಇದೇ: ದೂರವಿದ್ದೂ ಜೊತೆಗಿದ್ದ ಅಣ್ಣ.

ಮೈದಾನದ ಕೂಗು

1908ರಲ್ಲಿ ವಾಲ್ಟರ್ ಕ್ಲಾಪ್ಟನ್ ಎಂಬ ಹವ್ಯಾಸಿ ತಂಡ ಸೇರಿದ. ಮರುವರ್ಷವೇ ಆ ತಂಡ ಹವ್ಯಾಸಿಗಳ ಎಫ್.ಎ. ಕಪ್ ಗೆದ್ದಿತು. ಉತ್ತರ ಲಂಡನ್ನಿನ ಟಾಟನ್‌ಹ್ಯಾಮ್ ಹಾಟ್‌ಸ್ಪರ್ ಕ್ಲಬ್ಬಿನವರ ಕಣ್ಣು ಅವನ ಮೇಲೆ ಬಿತ್ತು. ಅದೇ ತಾನೆ ಮೊದಲ ದರ್ಜೆಗೆ ಏರಿದ್ದ ತಂಡ ಅದು. 1909ರ ಬೇಸಿಗೆಯಲ್ಲಿ ಅರ್ಜೆಂಟೀನಾ ಮತ್ತು ಉರುಗ್ವೆ ಪ್ರವಾಸಕ್ಕೆ ಅವನನ್ನೂ ಕರೆದೊಯ್ದರು. ಸಹಿ ಹಾಕಿದ್ದಕ್ಕೆ ಹತ್ತು ಪೌಂಡ್, ವಾರಕ್ಕೆ ನಾಲ್ಕು ಪೌಂಡ್ ಸಂಬಳ. ನಿಯಮದ ಪ್ರಕಾರ ಆಗ ಆಟಗಾರನಿಗೆ ಕೊಡಬಹುದಾಗಿದ್ದ ಅತಿ ಹೆಚ್ಚಿನ ಮೊತ್ತ ಅದು. ಅನಾಥಾಲಯದ ಹುಡುಗನಿಗೆ ಇದು ಸಣ್ಣ ಮಾತಲ್ಲ.

ನೀವು ಇಂದು ಟಾಟನ್‌ಹ್ಯಾಮ್‌ಗೆ ಹೋದರೆ ವಾಲ್ಟರ್ ಆಡಿದ ವೈಟ್ ಹಾರ್ಟ್ ಲೇನ್ ಮೈದಾನ ಕಾಣುವುದಿಲ್ಲ. 2017ರಲ್ಲಿ ಅದನ್ನು ಕೆಡವಿದರು. ಅದೇ ಜಾಗದಲ್ಲಿ 2019ರಲ್ಲಿ ತೆರೆದ ಹೊಸ ಕ್ರೀಡಾಂಗಣದಲ್ಲಿ 60,000ಕ್ಕೂ ಹೆಚ್ಚು ಜನ ಕೂರಬಹುದು. ಹೊರಗೆ ಮಾರುವ ಅಂಗಿಗಳ ಮೇಲಿರುವ ಹೆಸರುಗಳನ್ನು ನೋಡಿ. ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕದ ಮಕ್ಕಳ ಹೆಸರುಗಳು ಅಲ್ಲಿವೆ. 1909ರಲ್ಲಿ ಅಂತಹ ಮೈದಾನದಲ್ಲಿ ಆ ಬಣ್ಣದ ಮುಖ ಒಂದೇ ಒಂದು.

ಆ ವರ್ಷದ ಅಕ್ಟೋಬರ್‌ನಲ್ಲಿ ಸ್ಪರ್ಸ್ ತಂಡ ಪಶ್ಚಿಮ ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಆಡಲು ಹೋಯಿತು. ಅಲ್ಲಿನ ಪ್ರೇಕ್ಷಕರಲ್ಲಿ ಒಂದು ಗುಂಪು ಆಟದುದ್ದಕ್ಕೂ ವಾಲ್ಟರ್‌ನ ಮೈಬಣ್ಣ ಹಿಡಿದು ಬಾಯಿಗೆ ಬಂದಂತೆ ಬೈಯಿತು. ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಬರೆಯಲಾಗದ ಮಾತುಗಳು ಅವು. ಆತ ತಿರುಗಿ ಒಂದು ಮಾತಾಡಲಿಲ್ಲ, ಸಿಟ್ಟಿನಿಂದ ಯಾರ ಕಾಲಿಗೂ ಒದೆಯಲಿಲ್ಲ. ಆಡುತ್ತಾ ಹೋದ.

ಆದರೆ ಅಂದು ಪತ್ರಕರ್ತರ ಜಾಗದಲ್ಲಿ ಒಬ್ಬ ವರದಿಗಾರ ಕುಳಿತಿದ್ದ. ‘ಫುಟ್‌ಬಾಲ್ ಸ್ಟಾರ್’ ಎಂಬ ಪತ್ರಿಕೆಯವನು. ಆತ ಆ ಬೈಗುಳವನ್ನು ಮೀನು ಮಾರುಕಟ್ಟೆಯ ಮಾತಿಗಿಂತಲೂ ಕೀಳು ಎಂದು ಬರೆದ. ಮನಸ್ಸಿನಲ್ಲೂ ಆಟದಲ್ಲೂ ಇಷ್ಟು ಶುದ್ಧನಾದ ಟಲ್‌ನನ್ನು ನೋಡಿ ಬಿಳಿಯ ಆಟಗಾರರೆಲ್ಲ ಕಲಿಯಬೇಕು, ಅಂದು ಮೈದಾನದಲ್ಲಿದ್ದವರಲ್ಲಿ ಅತ್ಯುತ್ತಮ ಫಾರ್ವರ್ಡ್ ಅವನೇ ಎಂದೂ ಹೇಳಿದ. ಸಾವಿರಾರು ಜನರ ನಡುವೆ ಒಬ್ಬನ ಲೇಖನಿ ಅವನ ಜೊತೆಗೆ ನಿಂತಿತು.

ಕ್ಲಬ್ಬು ನಿಲ್ಲಲಿಲ್ಲ. ಆ ಘಟನೆಯ ಬಳಿಕ ವಾಲ್ಟರ್ ಹೆಚ್ಚಾಗಿ ಮೀಸಲು ತಂಡದಲ್ಲೇ ಉಳಿದ. ಎರಡು ಋತುಗಳಲ್ಲಿ ಅವನಿಗೆ ಸಿಕ್ಕಿದ್ದು ಕೇವಲ ಹತ್ತು ಲೀಗ್ ಪಂದ್ಯಗಳು, ಹೊಡೆದದ್ದು ಎರಡು ಗೋಲು. ಅವಮಾನಿಸಿದವರು ಮನೆಗೆ ಹೋಗಿ ಊಟ ಮಾಡಿ ಮಲಗಿದರು. ಜಾಗ ಕಳೆದುಕೊಂಡದ್ದು ಅವಮಾನಿತನಾದವನು. ನಮ್ಮ ಸುತ್ತ ಕೂಡ ಹೀಗೆಯೇ ಅಲ್ಲವೇ? ಗಲಾಟೆ ಬೇಡವೆಂದು ನಾವು ಬದಿಗೆ ಸರಿಸುವುದು ಸಾಮಾನ್ಯವಾಗಿ ನೊಂದವನನ್ನೇ.

ಚಮ್ಮಾರರ ಊರು

ಲಂಡನ್ನಿನಿಂದ ಉತ್ತರಕ್ಕೆ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ ನಾರ್ಥಾಂಪ್ಟನ್. ಬೂಟು, ಚಪ್ಪಲಿ ತಯಾರಿಕೆಗೆ ಹೆಸರಾದ ಊರು. ಇಲ್ಲಿನ ಫುಟ್‌ಬಾಲ್ ತಂಡದ ಅಡ್ಡಹೆಸರೇ ‘ಕಾಬ್ಲರ್ಸ್’, ಅಂದರೆ ಚಮ್ಮಾರರು. ತಮ್ಮ ದುಡಿಮೆಯ ಹೆಸರನ್ನು ಈ ಜನ ಹೆಮ್ಮೆಯಿಂದ ಹೊತ್ತುಕೊಂಡಿದ್ದಾರೆ.

1911ರಲ್ಲಿ ಆ ತಂಡದ ಮ್ಯಾನೇಜರ್ ಹರ್ಬರ್ಟ್ ಚಾಪ್ಮನ್. ಮುಂದೆ ಹಡರ್ಸ್‌ಫೀಲ್ಡ್ ಮತ್ತು ಆರ್ಸೆನಲ್ ತಂಡಗಳನ್ನು ದೊಡ್ಡ ಹೆಸರಿಗೆ ತಂದದ್ದು ಇದೇ ಚಾಪ್ಮನ್. ಟಾಟನ್‌ಹ್ಯಾಮ್‌ಗೆ ಬೇಡವಾಗಿದ್ದ ವಾಲ್ಟರ್‌ನನ್ನು ಹಣ ಕೊಟ್ಟು ಕರೆತಂದವನು ಅವನೇ. ವಾಲ್ಟರ್ ಮುಂಚೂಣಿಯ ಸಾಲಿನಿಂದ ಮಧ್ಯದ ಸಾಲಿಗೆ ಬಂದು ತನ್ನ ಆಟದ ನೆಲೆ ಕಂಡುಕೊಂಡ. ನೂರಕ್ಕೂ ಹೆಚ್ಚು ಪಂದ್ಯ ಆಡಿದ. ಊರವರ ಮೆಚ್ಚಿನವನಾದ. ಅದೇ ಮನುಷ್ಯ, ಅದೇ ಕಾಲುಗಳು. ಬದಲಾದದ್ದು ಅವನನ್ನು ನೋಡುವ ಕಣ್ಣು.

ಯುದ್ಧದ ದಾರಿ

1914ರ ಆಗಸ್ಟ್‌ನಲ್ಲಿ ಯುದ್ಧ ಶುರುವಾಯಿತು. ಹುಡುಗರು ಕಂದಕಗಳಲ್ಲಿ ಸಾಯುತ್ತಿರುವಾಗ ಚೆಂಡು ಒದೆಯುವುದು ಸರಿಯೇ ಎಂಬ ಟೀಕೆ ಎದ್ದಿತು. ಆ ಡಿಸೆಂಬರ್‌ನಲ್ಲಿ ಆಟಗಾರರಿಗೆಂದೇ ಮಿಡ್ಲ್‌ಸೆಕ್ಸ್ ರೆಜಿಮೆಂಟಿನ 17ನೇ ಬೆಟಾಲಿಯನ್ ಕಟ್ಟಲಾಯಿತು. ಜನ ಅದನ್ನು ಫುಟ್‌ಬಾಲ್ ಬೆಟಾಲಿಯನ್ ಎಂದೇ ಕರೆದರು. ಅದೇ ತಿಂಗಳು ವಾಲ್ಟರ್ ಸೇರಿದ. ಬೇಗನೆ ಸಾರ್ಜೆಂಟ್ ಹುದ್ದೆಯವರೆಗೆ ಏರಿದ.

1915ರ ನವೆಂಬರ್‌ನಲ್ಲಿ ಆತ ಫ್ರಾನ್ಸಿಗೆ ಹೋದ. ಎಡೆಬಿಡದ ಶೆಲ್ ದಾಳಿಯಿಂದ ಮನಸ್ಸು ಜರ್ಜರಿತವಾಗಿ 1916ರಲ್ಲಿ ಇಂಗ್ಲೆಂಡಿನ ಆಸ್ಪತ್ರೆ ಸೇರಬೇಕಾಯಿತು. ಗುಣವಾಗಿ ಮತ್ತೆ ಹೋಗಿ ಸೋಮ್ ನದಿಯ ಕದನದ ಕೊನೆಯ ಹಂತದಲ್ಲಿ ಪಾಲ್ಗೊಂಡ. ವರ್ಷದ ಕೊನೆಗೆ ಕಂದಕ ಜ್ವರ ಹಿಡಿದು ಮರಳಿದ. ಈ ಸಲ ಮೇಲಿನವರು ಅವನನ್ನು ಅಧಿಕಾರಿಗಳ ತರಬೇತಿಗೆ ಕಳಿಸಿದರು. ತರಬೇತಿ ಸ್ಕಾಟ್ಲೆಂಡಿನ ಗೇಲ್ಸ್ ಎಂಬಲ್ಲಿ, ಅಣ್ಣನಿದ್ದ ಗ್ಲಾಸ್ಗೋಗೆ ಹೆಚ್ಚು ದೂರವಲ್ಲದ ಜಾಗದಲ್ಲಿ.

ಇಲ್ಲೊಂದು ಮಾತು ಗಮನಿಸಿ. ಯೂರೋಪಿಯನ್ ಮೂಲದವರಲ್ಲದವರು ಅಧಿಕಾರಿಗಳಾಗಿ ಆಜ್ಞೆ ಕೊಡುವುದಕ್ಕೆ ಆಗಿನ ಸೇನೆಯ ಕಾನೂನು ಪುಸ್ತಕ ಅಡ್ಡಿಯಾಗಿತ್ತು. ಈ ಬಾಗಿಲು ನಮ್ಮವರಿಗೂ ಮುಚ್ಚಿತ್ತು. ಭಾರತೀಯರಿಗೆ ರಾಜನ ಕಮಿಷನ್ ತೆರೆದದ್ದೇ 1917ರಲ್ಲಿ. ಇಂದೋರಿನಲ್ಲಿ ತರಬೇತಿ ಪಡೆದು 1919ರಲ್ಲಿ ಅಧಿಕಾರಿಗಳಾದ ಮೊದಲ ತಂಡದಲ್ಲಿ ನಮ್ಮ ಕೊಡಗಿನ ಕೆ.ಎಂ. ಕಾರ್ಯಪ್ಪ ಇದ್ದರು.

ಆದರೂ 1917ರ ಮೇ 30ರಂದು ವಾಲ್ಟರ್ ಟಲ್ ಸೆಕೆಂಡ್ ಲೆಫ್ಟಿನೆಂಟ್ ಆದ. ಬ್ರಿಟಿಷ್ ಸೇನೆಯ ಮೊದಲ ಕಪ್ಪು ಅಧಿಕಾರಿ ಇವನೇ ಎಂದು ಬಹಳ ಕಾಲ ಹೇಳಲಾಗುತ್ತಿತ್ತು. ಅವನಿಗಿಂತ ಮೊದಲೂ ಕೆಲವರಿದ್ದರೆಂದು ಬಳಿಕದ ಸಂಶೋಧನೆ ತೋರಿಸಿದೆ. ಅದರಿಂದ ಅವನ ಹಿರಿಮೆ ತಗ್ಗುವುದಿಲ್ಲ. ನಿಯಮದ ಗೋಡೆಯನ್ನು ಅವನ ಯೋಗ್ಯತೆ ದಾಟಿತು, ಅಷ್ಟೇ ಸಾಕು.

ಈಗ ಇಟಲಿಗೆ ಬನ್ನಿ. ಆಲ್ಪ್ಸ್ ಬೆಟ್ಟಗಳಲ್ಲಿ ಹುಟ್ಟಿ ವೆನಿಸ್ ಸಮೀಪ ಕಡಲು ಸೇರುವ ಪಿಯಾವೆ ನದಿ ಇಲ್ಲಿದೆ. ಅಗಲವಾದ ಕಲ್ಲುಹಾಸು, ನಡುವೆ ರಭಸದ ತಣ್ಣನೆಯ ನೀರು. ಇಟಲಿಯ ಸೇನೆ ಸೋತು ಹಿಂದೆ ಸರಿದಾಗ ನೆರವಿಗೆ ಬಂದ ಬ್ರಿಟಿಷ್ ಪಡೆಗಳಲ್ಲಿ ವಾಲ್ಟರ್ ಈಗ ಸೇರಿದ್ದ 23ನೇ ಬೆಟಾಲಿಯನ್ನೂ ಇತ್ತು. 1918ರ ಹೊಸ ವರ್ಷದ ಹೊತ್ತಿಗೆ, ಕೊರೆಯುವ ಚಳಿಯ ರಾತ್ರಿ, ಆತ 26 ಸೈನಿಕರನ್ನು ಕರೆದುಕೊಂಡು ನದಿ ದಾಟಿ ಶತ್ರುವಿನ ದಡಕ್ಕೆ ಹೋದ. ಹೋದವರೆಲ್ಲರನ್ನೂ ಜೀವಂತವಾಗಿ ಮರಳಿ ಕರೆತಂದ. ಮೇಜರ್ ಜನರಲ್ ಲಾಫರ್ಡ್ ಅವನ ಶೌರ್ಯವನ್ನೂ ಸಮಚಿತ್ತವನ್ನೂ ಹೊಗಳಿ ಬರೆದ.

ಯೋಚಿಸಿ, ಆ 26 ಮನೆಗಳ ತಾಯಂದಿರಿಗೆ ತಮ್ಮ ಮಗನನ್ನು ಉಳಿಸಿ ತಂದವನ ಮೈಬಣ್ಣ ಯಾವುದಾಗಿದ್ದರೇನು?

ಕೊನೆಯ ಹೊಲ

1918ರ ಮಾರ್ಚ್‌ನಲ್ಲಿ ಬೆಟಾಲಿಯನ್ ಫ್ರಾನ್ಸಿಗೆ ಮರಳಿತು. ಮಾರ್ಚ್ 21ರಂದು ಜರ್ಮನರು ತಮ್ಮ ದೊಡ್ಡ ವಸಂತಕಾಲದ ದಾಳಿ ಆರಂಭಿಸಿದರು. ನಾಲ್ಕು ದಿನಗಳ ಬಳಿಕ, ಮಾರ್ಚ್ 25ರಂದು, ಫಾವ್ರೈ ಎಂಬ ಹಳ್ಳಿಯ ಬಳಿ ಹಿಂದೆ ಸರಿಯುತ್ತಿದ್ದಾಗ ವಾಲ್ಟರ್‌ಗೆ ಗುಂಡು ತಗಲಿತು.

ಫಾವ್ರೈ ಬಹಳ ಸಣ್ಣ ಊರು. ಬಾಪೋಮ್ ಪಟ್ಟಣದ ಪಕ್ಕದಲ್ಲಿದೆ. ಸುತ್ತ ತೆರೆದ ಬಯಲು, ದೂರದವರೆಗೆ ಹೊಲಗಳು. ಇಲ್ಲಿ ನಿಂತರೆ ಟಾಮ್ ಬಿಲಿಂಗ್‌ಹ್ಯಾಮ್ ಎಂಬ ಸೈನಿಕನನ್ನು ನೆನೆಯಬೇಕು. ಲೆಸ್ಟರ್ ತಂಡದ ಗೋಲ್‌ಕೀಪರ್ ಆಗಿದ್ದವನು. ಶತ್ರುಗಳು ಮುನ್ನುಗ್ಗುತ್ತಿದ್ದರೂ ತನ್ನ ಅಧಿಕಾರಿಯನ್ನು ಅಲ್ಲೇ ಬಿಟ್ಟು ಹೋಗಲು ಅವನಿಗೆ ಮನಸ್ಸಾಗಲಿಲ್ಲ. ದೇಹವನ್ನು ಎಳೆದು ತರಲು ಹೆಣಗಾಡಿದ. ಆಗಲಿಲ್ಲ. ಬಿಟ್ಟು ಬರಲೇಬೇಕಾಯಿತು.

ಸುದ್ದಿ ಎಡ್ವರ್ಡ್‌ಗೆ ತಲುಪಿತು. ಜೊತೆಯ ಅಧಿಕಾರಿ ಪಿಕಾರ್ಡ್ ಅವನಿಗೆ ಪತ್ರ ಬರೆದ. ಬೆಟಾಲಿಯನ್ನಿನಲ್ಲಿ ಎಲ್ಲರಿಗೂ ವಾಲ್ಟರ್ ಎಷ್ಟು ಪ್ರಿಯನಾಗಿದ್ದ ಎಂದು ಹೇಳಿದ. ಮಿಲಿಟರಿ ಕ್ರಾಸ್ ಪದಕಕ್ಕೆ ಅವನ ಹೆಸರು ಶಿಫಾರಸಾಗಿತ್ತು ಎಂದೂ, ತಾನು ಒಬ್ಬ ಸ್ನೇಹಿತನನ್ನು ಕಳೆದುಕೊಂಡೆನೆಂದೂ ತಿಳಿಸಿದ. ಆ ಪದಕ ಬರಲಿಲ್ಲ.

ಫಾವ್ರೈಯಿಂದ ಉತ್ತರಕ್ಕೆ ಅರಾಸ್ ನಗರವಿದೆ. ಅಲ್ಲಿನ ಸ್ಮಾರಕದ ಗೋಡೆಗಳ ಮೇಲೆ ಗೋರಿಯಿಲ್ಲದ ಸುಮಾರು 35,000 ಸೈನಿಕರ ಹೆಸರು ಕೆತ್ತಲಾಗಿದೆ. ಇದನ್ನು ರೂಪಿಸಿದವರು ಎಡ್ವಿನ್ ಲುಟ್ಯೆನ್ಸ್. ದೆಹಲಿಯ ಇಂಡಿಯಾ ಗೇಟ್ ಕೂಡ ಅವರದೇ. ಅದರ ಮೇಲೂ ಅದೇ ರೀತಿ 13,000ಕ್ಕೂ ಹೆಚ್ಚು ಸೈನಿಕರ ಹೆಸರುಗಳಿವೆ. ಅರಾಸ್‌ನಲ್ಲಿ ಏಳನೇ ವಿಭಾಗದ ಕಲ್ಲನ್ನು ಹುಡುಕಿ. ಮಿಡ್ಲ್‌ಸೆಕ್ಸ್ ರೆಜಿಮೆಂಟಿನ ಹೆಸರುಗಳ ನಡುವೆ ‘ಟಲ್’ ಎಂಬ ಅಕ್ಷರಗಳು ಕಾಣುತ್ತವೆ. ಅಲ್ಲಿ ಬಣ್ಣ ಬರೆದಿಲ್ಲ. ಬರೀ ಹೆಸರು.

ತಡವಾಗಿ ಬಂದ ಗೌರವ

ಆಮೇಲೆ ಬಹಳ ಕಾಲ ಜಗತ್ತು ಅವನನ್ನು ಮರೆತಿತ್ತು. 1990ರ ದಶಕದಲ್ಲಿ ಫಿಲ್ ವಾಸಿಲಿ ಮುಂತಾದ ಸಂಶೋಧಕರು ಹಳೆಯ ದಾಖಲೆಗಳನ್ನು ಕೆದಕಿ ಅವನ ಬದುಕನ್ನು ಮತ್ತೆ ಬೆಳಕಿಗೆ ತಂದರು. 1999ರ ಜುಲೈ 11ರಂದು ನಾರ್ಥಾಂಪ್ಟನ್ನಿನ ಸಿಕ್ಸ್‌ಫೀಲ್ಡ್ಸ್ ಕ್ರೀಡಾಂಗಣದ ಹೊರಗೆ ಅವನ ಸ್ಮಾರಕ ತಲೆಯೆತ್ತಿತು. ಬಳಿಯ ರಸ್ತೆಗೆ ಅವನ ಹೆಸರಿದೆ. 2017ರಲ್ಲಿ ಆ ನಗರದ ಗಿಲ್ಡ್‌ಹಾಲ್‌ನಲ್ಲಿ ಅವನ ಪ್ರತಿಮೆ ನಿಂತಿತು. ಸಾವಿಗೆ ನೂರು ವರ್ಷ ತುಂಬಿದ 2018ರಲ್ಲಿ ನೂರಕ್ಕೂ ಹೆಚ್ಚು ಸಂಸದರು ಅವನಿಗೆ ಮಿಲಿಟರಿ ಕ್ರಾಸ್ ಕೊಡಬೇಕೆಂದು ಪ್ರಧಾನಿಗೆ ಪತ್ರ ಬರೆದರು.

ಒಳ್ಳೆಯದೇ. ಆದರೆ ಪ್ರತಿಮೆಗೆ ಬೈಗುಳ ಕೇಳಿಸುವುದಿಲ್ಲ, ಹಾರವೂ ತಿಳಿಯುವುದಿಲ್ಲ. ವಾಲ್ಟರ್‌ಗೆ ಬೇಕಿದ್ದದ್ದು 1909ರಲ್ಲಿ, ಬ್ರಿಸ್ಟಲ್‌ನಿಂದ ಮರಳುವ ಆ ರಾತ್ರಿಯ ರೈಲಿನಲ್ಲಿ, ‘ನಾವು ನಿನ್ನ ಜೊತೆಗಿದ್ದೇವೆ’ ಎಂಬ ಒಂದು ಮಾತು.

ಇದು ಹಳೆಯ ಕತೆಯೆಂದು ಪುಟ ಮಗುಚಬೇಡಿ. 2021ರ ಜುಲೈ 11ರಂದು ಯೂರೋ ಕಪ್ ಫೈನಲಿನಲ್ಲಿ ಇಂಗ್ಲೆಂಡ್ ಪೆನಾಲ್ಟಿಯಲ್ಲಿ ಸೋತಿತು. ಒದೆತ ತಪ್ಪಿದ ಮೂವರು ಯುವಕರು, ರಾಶ್‌ಫರ್ಡ್, ಸಾಂಚೊ ಮತ್ತು ಸಾಕಾ, ಕಪ್ಪು ವರ್ಣೀಯರು. ಅದೇ ರಾತ್ರಿ ಮೊಬೈಲುಗಳಲ್ಲಿ ಅದೇ ಹಳೆಯ ಬೈಗುಳ ಹರಿಯಿತು. ಮ್ಯಾಂಚೆಸ್ಟರಿನ ಗೋಡೆಯೊಂದರ ಮೇಲಿದ್ದ ರಾಶ್‌ಫರ್ಡ್ ಚಿತ್ರದ ಮೇಲೆ ಯಾರೋ ಹೊಲಸು ಬರೆದರು. ಆದರೆ ಈ ಸಲ ಸುತ್ತಲಿನ ಜನ ಸುಮ್ಮನಿರಲಿಲ್ಲ. ಮರುದಿನದಿಂದಲೇ ಮಕ್ಕಳೂ ದೊಡ್ಡವರೂ ಬಂದು ಪ್ರೀತಿಯ ಮಾತು ಬರೆದ ಚೀಟಿಗಳನ್ನು ಆ ಗೋಡೆಯ ತುಂಬ ಅಂಟಿಸಿದರು. ವಾಲ್ಟರ್‌ಗೆ ಒಬ್ಬ ವರದಿಗಾರ ಸಿಕ್ಕಿದ್ದ. ರಾಶ್‌ಫರ್ಡ್‌ಗೆ ಒಂದು ಊರೇ ಸಿಕ್ಕಿತು.

ನಮ್ಮ ಮನೆಗಳಲ್ಲೂ ಬಣ್ಣದ ಮಾತು ಇಲ್ಲವೆಂದು ಹೇಳುವಂತಿಲ್ಲ. ಮಗು ಹುಟ್ಟಿದ ಕೂಡಲೇ ‘ಯಾರ ಬಣ್ಣ ಬಂದಿದೆ?’ ಎಂದು ಕೇಳುತ್ತೇವೆ. ಹೆಣ್ಣು ನೋಡಲು ಹೋದಾಗ ‘ಸ್ವಲ್ಪ ಕಪ್ಪು’ ಎಂದು ಪಿಸುಗುಟ್ಟುತ್ತೇವೆ. ಶಾಲೆಯಲ್ಲಿ ಅಡ್ಡಹೆಸರು ಕರೆಸಿಕೊಂಡ ಮಗು ಮನೆಗೆ ಬಂದು ಹೇಳಿದರೆ ‘ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡ’ ಎಂದು ಮುಗಿಸಿಬಿಡುತ್ತೇವೆ. ಆ ಮಗು ನಮ್ಮಿಂದ ಕೇಳಬಯಸಿದ್ದು ಅದನ್ನಲ್ಲ.

ಮುಂದಿನ ಸಲ ನಿಮ್ಮ ಮಕ್ಕಳು ಚೆಂಡು ಹಿಡಿದು ಬಯಲಿಗೆ ಹೊರಟಾಗ ಅವರಿಗೆ ವಾಲ್ಟರ್‌ನ ಕತೆ ಹೇಳಿ. ಹೇಳುವಾಗ ಟಾಮ್ ಬಿಲಿಂಗ್‌ಹ್ಯಾಮ್‌ನನ್ನು ಬಿಡಬೇಡಿ. ವಾಲ್ಟರ್‌ನಂತೆ ಆಡುವುದು ಎಲ್ಲರಿಗೂ ಸಾಧ್ಯವಿಲ್ಲ. ಆದರೆ ಜೊತೆಯವನು ಬಿದ್ದಾಗ ಅವನನ್ನು ಬಿಟ್ಟು ಓಡದೆ, ಎತ್ತಲು ಕೈ ಚಾಚುವುದು ನಮ್ಮ ಯಾವ ಮಗುವಿಗಾದರೂ ಸಾಧ್ಯ.